ಒಲ್ಲೆ ಎಂದ ದೊಡ್ಡ ಮಗ

ಅರಿಶಿಣ ಕುದಿಸುವ ವಾಸನೆ ಬಂದರೆ ಉಳಿದವರಿಗೆ ಮದುವೆಮನೆ ನೆನಪಾಗುತ್ತದಂತೆ. ನನಗೆ ಅನುಮಾನ ನೆನಪಾಗುತ್ತದೆ. ಹೋದ ತಿಂಗಳು ಮೂಡಲಗಿಯಲ್ಲಿ ನೆಂಟರ ಮನೆಯ ಬಸುರಿಯ ಕುಬಸ ಮುಗಿಸಿಕೊಂಡು ವಾಪಸು ಬರುತ್ತಿದ್ದೆ. ಮಸಗುಪ್ಪಿಯ ಹತ್ತಿರ ಹೊಲದಲ್ಲಿ ಕೊಪ್ಪರಿಗೆ ಹೂಡಿ ಅರಿಶಿಣ ಕುದಿಸುತ್ತಿದ್ದರು. ಹೊಗೆ, ಹಸಿಮಣ್ಣು, ಕೊಂಬಿನ ಘಾಟು ಎಲ್ಲ ಸೇರಿದ ಆ ವಾಸನೆ ಕಾರಿನೊಳಗೆ ನುಗ್ಗಿತು. ಕಾರು ನಡೆಸುತ್ತಿದ್ದ ತಂಗಿಯ ಮಗ ಕಿಟಕಿ ತೋರಿಸಿ "ಕಾಚ ಏರಸಲೇನ್ರಿ ಮಾವಶಿ?" ಎಂದು ಕೇಳಿದ. ಬೇಡ ಎಂದೆ. ಮೂಗು ಉರಿಯುತ್ತಿದ್ದರೂ ಆ ಹೊಲ ಹಿಂದೆ ಬೀಳುವ ತನಕ ಹೊರಗೇ ನೋಡುತ್ತ ಕೂತಿದ್ದೆ.

ನಾನು ಹುಟ್ಟಾ ಅನುಮಾನದ ಹೆಂಗಸು. ಹುಕ್ಕೇರಿ ಪೇಟೆಯಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಬೆಲ್ಲದ ಪೆಂಟೆ ತಂದವನು ಸ್ವಂತ ಅಳಿಯನೇ ಆಗಿದ್ದರೂ ಒಡೆದು, ಮೂಸಿ, ಚೂರು ಬಾಯಿಗೆ ಹಾಕಿಕೊಂಡು ನೋಡದೆ ಅಪ್ಪ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದೇ ರಕ್ತ ನನ್ನದು. ಅಂಗನವಾಡಿಗಳ ಮೇಲ್ವಿಚಾರಕಿ ಆದಮೇಲಂತೂ ಆ ಗುಣಕ್ಕೆ ಸರಕಾರದ ಪಗಾರವೂ ಸಿಗತೊಡಗಿತು. ಹಾಜರಿಯಲ್ಲಿ ಕೋಣೆ ತುಂಬ ಮಕ್ಕಳಿರುತ್ತಿದ್ದವು, ಚಾಪೆಯ ಮೇಲೆ ಅರ್ಧದಷ್ಟೂ ಇರುತ್ತಿರಲಿಲ್ಲ. ಉಳಿದವರೆಲ್ಲಿ ಎಂದರೆ "ಈಗ ಇಲ್ಲೇ ಇದ್ರಿ ಅಕ್ಕಾರ" ಎನ್ನುವರು. ಇಂಥ ಮಾತು ದಿನವೂ ಕೇಳಿದವಳು ಯಾರನ್ನಾದರೂ ಹೇಗೆ ನಂಬಿಯಾಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಗೋಕಾಕದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ಮೂಡಲಗಿ ಕಡೆಯ ಹಳ್ಳಿಗಳು ನನ್ನ ಪಾಲಿಗಿದ್ದವು. ಶನಿವಾರ ಹುಕ್ಕೇರಿಗೆ ಹೋಗಿ ಆಯಿಯ ಕೈಯೂಟ ಉಂಡು ಸೋಮವಾರ ತಿರುಗಿ ಬರುವುದು ನನ್ನ ಪದ್ಧತಿ. ಥಂಡಿ ಶುರುವಾಗಿದ್ದ ಒಂದು ಸೋಮವಾರ ಆಫೀಸಿನಲ್ಲಿ ಸಾಹೇಬರು ಕರೆದರು.

"ಬೆಂಗಳೂರಿಂದ ಒಬ್ಬ ಮೇಡಂ ಬಂದಾರ. ಪುರಾಣದ ಕತಿ ನಾಟಕ ಮಾಡಿಸಿ ಹೆಣ್ಮಕ್ಕಳ ಮನಸ್ಸಿನ ಬ್ಯಾನಿ ವಾಸಿ ಮಾಡ್ತಾರಂತ. ಮೂಡಲಗ್ಯಾಗ ದೇವದಾಸಿ ಹೆಣ್ಮಕ್ಕಳನ್ನ ಕೂಡಿಸ್ಯಾರ. ನೀವು ಹೋಗಿ ಕುಂದರ್ರಿ."

"ನಾ ಏನ ಮಾಡಬೇಕ್ರಿ?"

"ಏನೂ ಮಾಡಬ್ಯಾಡ್ರಿ. ಏನ ನಡದೈತಿ ನೋಡಿ ನನಗ ಹೇಳ್ರಿ."

ಅಂದರೆ ಸಾಹೇಬರಿಗೂ ಅನುಮಾನ. ಊರಿಗೂ ಇತ್ತು. ಸಂತೆ ಬಯಲಿನ ಚಹಾದ ಅಂಗಡಿಯಲ್ಲಿ ಗಂಡಸರು, ಬಾಗಿಲು ಮುಂದಕ್ಕೆ ಹಾಕಿಕೊಂಡು ಒಳಗೆ ಜಾತಿ ಕೆಡಿಸುತ್ತಾರೆ ಎಂದರು. ಇನ್ನೊಬ್ಬ, ಮಕ್ಕಳಾಗದ ಆಪರೇಶನ್ನಿಗೆ ಒಪ್ಪಿಸುವ ಹಂಚಿಕೆ ಎಂದ. ನನಗೆ ಅನಿಸಿದ್ದು ಬೇರೆ. ಈ ಮೇಡಂ ನಾಲ್ಕು ಸಲ ಅಳಿಸಿ, ಫೋಟೋ ತೆಗೆದುಕೊಂಡು, ಎಲ್ಲಿಗೋ ಕಳಿಸಿ, ಥಂಡಿ ಮುಗಿಯುವಷ್ಟರಲ್ಲಿ ಜಾಗ ಖಾಲಿ ಮಾಡುತ್ತಾಳೆ ಎಂದುಕೊಂಡೆ.

ಆಕೆಯ ಹೆಸರು ವಸುಧಾ. ಖಾಲಿ ಬಿದ್ದಿದ್ದ ಒಂದು ಬೆಲ್ಲದ ಗೋದಾಮನ್ನು ಗುಡಿಸಿ ಚಾಪೆ ಹಾಸಿದ್ದರು. ಗೋಡೆಗಳಲ್ಲಿ ಇನ್ನೂ ಬೆಲ್ಲದ ಜಿಗುಟು, ಇರುವೆಗಳ ಸಾಲು. ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಇವರೆಲ್ಲ ಸಣ್ಣವರಿದ್ದಾಗಲೇ ಎಲ್ಲಮ್ಮನ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡವರು. ಮುತ್ತು ಕಟ್ಟಿದ ಹುಡುಗಿಗೆ ಮದುವೆ ಇಲ್ಲ. ಊರಿನ ಉಳ್ಳವನು ಯಾರೋ ಇಟ್ಟುಕೊಂಡಷ್ಟು ದಿನ ಬಾಳು, ಬಿಟ್ಟ ದಿನ ಕೂಲಿ. ಇದನ್ನು ಕಾನೂನು ತಡೆದು ವರ್ಷಗಳೇ ಆಗಿದ್ದವು. ಆದರೂ ಕದ್ದು ಕಟ್ಟುವುದು ನಿಂತಿರಲಿಲ್ಲ.

ಮೊದಲ ದಿನವೇ ವಸುಧಾ ಒಂದು ತಪ್ಪು ಮಾಡಿದಳು. ಎಲ್ಲರ ಬರಿಗೈ, ಬೋಳು ಹಣೆ ನೋಡಿ ಪಾಪ, ಕಣ್ಣಲ್ಲಿ ನೀರು ತಂದುಕೊಂಡು, "ಇಷ್ಟು ಚಿಕ್ಕ ವಯಸ್ಸಿಗೇ ಎಲ್ಲರೂ ಗಂಡನ್ನ ಕಳ್ಕೊಂಡಿದೀರಾ?" ಎಂದು ಕೇಳಿದಳು. ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ನಾನೇ ಹೇಳಬೇಕಾಯಿತು. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮ ರಂಡೆ ಆಗುತ್ತಾಳೆ, ಅವತ್ತು ಇವರೂ ಬಳೆ ತೆಗೆಯುತ್ತಾರೆ. ಭಾರತ ಹುಣ್ಣಿಮೆಗೆ ಅವಳು ಮತ್ತೆ ಮುತ್ತೈದೆ, ಇವರೂ ಹಸಿರು ಬಳೆ ಇಟ್ಟುಕೊಳ್ಳುತ್ತಾರೆ. ನಡುವಿನ ಈ ತಿಂಗಳುಗಳಲ್ಲಿ ಬರಿಗೈ. ವಸುಧಾ ಹತ್ತಿರ ಕೂತಿದ್ದವಳ ಬರಿಗೈ ಹಿಡಿದು ನೋಡಿದಳು. ಆಮೇಲೆ, "ಕತೆಯಲ್ಲಿ ಅವಳಿಗಾದದ್ದು ನಿಮ್ಮ ಕೈ ಮೇಲೆ ಆಗುತ್ತೆ ಅಂತಾಯ್ತು" ಎಂದಳು. ಹುಷಾರಿ ಹೆಣ್ಣು ಎಂದು ಅವತ್ತೇ ಅನಿಸಿತು. ಹುಷಾರಿ ಇದ್ದವರ ಮೇಲೆ ನನಗೆ ಅನುಮಾನ ಜಾಸ್ತಿ.

ವಾರಕ್ಕೆ ಎರಡು ದಿನ ಸೇರುತ್ತಿದ್ದರು. ಮೊದಮೊದಲು ಎಲ್ಲ ಹಾಸ್ಯ. ಕಣ್ಣು ಮುಚ್ಚಿ ಉಸಿರು ಎಳೆಯಿರಿ ಎಂದರೆ ಒಬ್ಬಳು ಗೊರಕೆ ಹೊಡೆದಳು. ಇನ್ನೊಂದು ದಿನ ನಡುವೆ ಒಂದು ಖಾಲಿ ಕುರ್ಚಿ ಇಟ್ಟು, ನಿಮಗೆ ನೋವು ಮಾಡಿದವರು ಇದರಲ್ಲಿ ಕೂತಿದ್ದಾರೆ ಅಂದುಕೊಂಡು ಮಾತಾಡಿ ಎಂದಳು. ಎಲ್ಲರೂ ಕುರ್ಚಿಯನ್ನೇ ನೋಡುತ್ತ ಕೂತರು. ಬಹಳ ಹೊತ್ತಾದ ಮೇಲೆ ಒಬ್ಬಾಕೆ ನನ್ನ ಕಡೆ ಬಗ್ಗಿ, "ಸಾಹೇಬರು ಎಷ್ಟೊತ್ತಿಗೆ ಬರ್ತಾರ್ರಿ ಅಕ್ಕಾರ?" ಎಂದು ಕೇಳಿದಳು. ಆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಕುರ್ಚಿ ಇದ್ದಲ್ಲಿ ಸಾಹೇಬ ಬಂದೇ ಬರುತ್ತಾನೆ ಎಂಬುದು ಅವರ ಲೆಕ್ಕ.

ಗಂಗವ್ವನನ್ನು ನಾನು ಗುರುತು ಹಿಡಿದದ್ದು ಆಕೆ ನಗದೇ ಇದ್ದದ್ದರಿಂದ. ಮಸಗುಪ್ಪಿಯವಳು, ಮೂವತ್ತರ ಆಸುಪಾಸು, ಗಟ್ಟಿ ಮೈ. ಎದೆ ಒತ್ತಿದಂತಾಗುತ್ತದೆ ಎಂದು ಸರಕಾರಿ ದವಾಖಾನೆಗೆ ಅಲೆದು ಏನೂ ಸಿಗದೆ, ಅಲ್ಲಿಯ ನರ್ಸಮ್ಮನ ಮಾತಿಗೆ ಇಲ್ಲಿಗೆ ಬಂದಿದ್ದಳು. ಆಕೆಯ ಜೊತೆ ಪ್ರತಿ ಸಲ ಆಕೆಯ ತಾಯಿ ಸತ್ಯವ್ವ ಬರುತ್ತಿದ್ದಳು. ಮುದುಕಿ ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಹೊರಗೆ ಕೋಲು ಅಡ್ಡ ಇಟ್ಟುಕೊಂಡು, ತಂಬಾಕು ಜಗಿಯುತ್ತ, ಒಳಗೆ ನಡೆಯುವುದನ್ನೆಲ್ಲ ನೋಡುತ್ತ ಕೂರುವಳು. ಒಳಗೆ ಗೋಡೆಗೆ ಒರಗಿ ನೋಡುತ್ತಿದ್ದವಳು ನಾನು. ಇಬ್ಬರದೂ ಒಂದೇ ಉದ್ಯೋಗ.

"ನೀವು ಬರಕೊಳ್ಳಾಕ ಬಂದೀರಿ, ಹೌದಲ್ರಿ?" ಎಂದು ಒಂದು ದಿನ ಕೇಳಿದಳು.

"ನೀವು ಯಾಕ ಬಂದೀರಿ ಆಯಿ?"

"ನನ್ನ ಮಗಳನ್ನ ಯಾರು ಕದಿತಾರ ನೋಡಾಕ."

ನಮ್ಮಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕಾಸಿನ ನಂಬಿಕೆ ಇರಲಿಲ್ಲ. ಆದರೂ ಆಕೆ ಎಲೆ ಮಡಚುವಾಗ ನನ್ನ ಕಡೆಗೂ ಒಂದು ಚಾಚುತ್ತಿದ್ದಳು. ನಾನೂ ತಿನ್ನುತ್ತಿದ್ದೆ.

ಮುದುಕಿ ಕಾಯುತ್ತಿದ್ದದ್ದು ಏನನ್ನು ಎಂದು ಮಸಗುಪ್ಪಿಯ ಅಂಗನವಾಡಿ ಟೀಚರ್ ಬಾಯಿಂದ ತಿಳಿಯಿತು. ಗಂಗವ್ವನ ಮಗಳು ಕಸ್ತೂರಿ ಕನ್ನಡ ಸಾಲಿಯಲ್ಲಿ ಆರನೆಯ ಇಯತ್ತೆ. ಕೂಸಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿತ್ತಂತೆ. ಆಗ ಸತ್ಯವ್ವ ಎಲ್ಲಮ್ಮನಿಗೆ ಬೇಡಿಕೊಂಡಿದ್ದಳು: ಉಳಿಸಿಕೊಡು, ದೊಡ್ಡವಳಾಗುವ ಮೊದಲು ನಿನಗೇ ಬಿಡುತ್ತೇನೆ ಎಂದು. ಕೂಸು ಉಳಿದಿತ್ತು. ಈ ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಒಯ್ದು ಮುತ್ತು ಕಟ್ಟಿಸುವುದೆಂದು ಮಾತಾಗಿತ್ತು. ಗಂಗವ್ವ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ.

ನನಗೆ ಸಿಟ್ಟು ಬಂತು. ಇದರಲ್ಲಿ ವಿಚಾರ ಮಾಡುವುದೇನಿದೆ, ಪೋಲೀಸರಿಗೆ ಹೇಳಿದರಾಯಿತು ಎಂದು ವಸುಧಾಗೆ ಹೇಳಿದೆ. ಆಕೆ ಗಂಗವ್ವನನ್ನೇ ಕರೆದು ಕೂರಿಸಿದಳು. ಗಂಗವ್ವ ನೆಲ ನೋಡುತ್ತ ಹೇಳಿದ್ದು ಇಷ್ಟೇ.

"ಪೋಲೀಸರು ನಮ್ಮವ್ವನ್ನ ಒಯ್ತಾರ್ರಿ. ಎಂಟು ದಿನಕ್ಕ ಬಿಡ್ತಾರ. ಆಮ್ಯಾಲೆ ಮತ್ತೊಂದು ಹುಣ್ಣಿವಿ ಬರತೈತಿ. ಆವಾಗ ನಿಮಗ ಸುದ್ದೀನೂ ಹತ್ತೂದಿಲ್ಲ."

"ಹಂಗಾದ್ರ ನೀನಽ ಒಲ್ಲೆ ಅಂದಬಿಡು," ಎಂದೆ.

"ಯಾರ ಮುಂದ ಅನ್ನಲ್ರಿ? ಅವ್ವನ ಮುಂದ ಅನ್ನಲೋ, ದೇವಿ ಮುಂದ ಅನ್ನಲೋ?"

ಹುಣ್ಣಿಮೆಯ ತನಕ ಬಾಯಿ ಮುಚ್ಚಿಕೊಂಡಿರುತ್ತೇನೆ, ಅವತ್ತು ಹುಡುಗಿ ಗುಡ್ಡದ ಹಾದಿ ಹಿಡಿದರೆ ಮಾತ್ರ ಯಾರ ಮಾತೂ ಕೇಳುವುದಿಲ್ಲ ಎಂದು ಖಡಾಖಂಡಿತ ಹೇಳಿದೆ. ಅವತ್ತಿನಿಂದ ಕಸ್ತೂರಿಯ ಸಾಲಿಗೆ ವಾರಕ್ಕೊಮ್ಮೆ ಏನಾದರೂ ನೆಪ ಮಾಡಿ ಹೋಗಿ ಬರತೊಡಗಿದೆ. ಎರಡು ಜಡೆಯ ತೆಳ್ಳನೆ ಹುಡುಗಿ. ಕಿಟಕಿಯ ಬದಿ ಕೂತು ಪೆನ್ಸಿಲ್ ಕಚ್ಚುತ್ತಿದ್ದಳು. ಆಕೆಗೆ ಏನು ಗೊತ್ತಿತ್ತೋ ಏನು ಗೊತ್ತಿರಲಿಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ವಸುಧಾ, "ಈಗ ಎಲ್ಲಮ್ಮನ ಕತೆ ತೊಗೊಳ್ಳೋಣ" ಎಂದಳು. ನನಗೆ ತಲೆ ಕೆಟ್ಟಿತು. ಅವರನ್ನು ಹಾಳು ಮಾಡಿದ್ದೇ ಆ ಕತೆ, ಅದನ್ನೇ ಮತ್ತೆ ಆಡಿಸಿ ಏನು ವಾಸಿ ಮಾಡುತ್ತೀ ಎಂದು ಬಾಗಿಲ ಹೊರಗೆ ಕರೆದು ಜಗಳ ತೆಗೆದೆ.

"ಗಂಟು ಎಲ್ಲಿದೆಯೋ ಅಲ್ಲೇ ಬಿಚ್ಚಬೇಕು ಅಕ್ಕಾ. ಬೇರೆ ಕತೆ ತಂದರೆ ಕೇಳ್ತಾರೆ, ನಗ್ತಾರೆ, ಮನೆಗೆ ಹೋಗ್ತಾರೆ. ಈ ಕತೆ ಅವರ ಮೈಯಲ್ಲಿದೆ" ಎಂದಳು.

"ಬಿಚ್ಚಾಕ ಹೋಗಿ ಇನ್ನೂ ಬಿಗಿ ಮಾಡಿದ್ರ?"

"ಮಾಡಿದರೂ ಮಾಡಬಹುದು. ನನಗೂ ಹೆದರಿಕೆ ಇದೆ."

ಈ ಮಾತು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಹೆದರಿಕೆ ಇಲ್ಲದವರ ಕೈಯಲ್ಲಿ ಕತ್ತರಿ ಕೊಡಬಾರದು.

ಎಲ್ಲಮ್ಮನ ಕತೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ. ಆಗಿನ್ನೂ ಆಕೆ ರೇಣುಕೆ, ಜಮದಗ್ನಿ ಋಷಿಯ ಹೆಂಡತಿ. ದಿನವೂ ಹೊಳೆಯ ಉಸುಕಿನಲ್ಲಿ ಹೊಸ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ತಲೆ ಮೇಲಿಟ್ಟು ನೀರು ತರುವವಳು. ಒಂದು ದಿನ ನೀರಿನಲ್ಲಿ ಆಟವಾಡುವ ಗಂಡು ಹೆಣ್ಣನ್ನು ನೋಡಿ ಮನಸ್ಸು ಅತ್ತಿತ್ತ ಆಗುತ್ತದೆ, ಉಸುಕು ಕೊಡವಾಗಿ ನಿಲ್ಲುವುದಿಲ್ಲ. ಬರಿಗೈಲಿ ಬಂದವಳನ್ನು ಕಂಡು ಋಷಿಗೆ ಸಿಟ್ಟು. ತಾಯಿಯ ತಲೆ ಕಡಿಯಿರಿ ಎಂದು ಮಕ್ಕಳಿಗೆ ಹೇಳುತ್ತಾನೆ. ದೊಡ್ಡ ಮಕ್ಕಳು ಒಲ್ಲೆವು ಎಂದು ಶಾಪ ತಿನ್ನುತ್ತಾರೆ. ಸಣ್ಣವನಾದ ಪರಶುರಾಮ ಕಡಿಯುತ್ತಾನೆ. ತಂದೆ ಮೆಚ್ಚಿ ವರ ಕೇಳು ಎಂದಾಗ ತಾಯಿಯನ್ನೇ ಬದುಕಿಸಿಕೊಡು ಎನ್ನುತ್ತಾನೆ. ಹೀಗೆ ತಿರುಗಿ ಬಂದವಳು ಗುಡ್ಡದ ದೇವಿ.

ವಸುಧಾ ಆ ಹೆಸರು ಎತ್ತಿದ್ದೇ ತಡ, ಹೇಳದೆ ಕೇಳದೆ ಹೆಂಗಸರೆಲ್ಲ ಎದ್ದರು. ಚಪ್ಪಲಿ ಹೊರಗೆ ಹೋದವು. ಕಾಲು ತೊಳೆದುಕೊಂಡು, ತಲೆ ಮೇಲೆ ಸೆರಗು ಹೊದ್ದು ಬಂದು ಕೂತರು. ಅಷ್ಟು ದಿನ ಗೊರಕೆ ಹೊಡೆದು ನಗಿಸಿದವರು ಇವರೇನಾ ಎನ್ನುವ ಹಾಗೆ ಕೋಣೆ ಬದಲಾಯಿತು. ಎಲ್ಲಮ್ಮನ ಪಾತ್ರ ಯಾರು ಮಾಡುತ್ತೀರಿ ಎಂದರೆ ಮಾತ್ರ ಒಬ್ಬರೂ ಮುಂದೆ ಬರಲಿಲ್ಲ.

"ಅಕಿ ಪಾತ್ರ ಹಾಕ್ಕೊಂಡ್ರ ಅಕಿ ಬಂದು ಮೈಯಾಗ ಕುಂದರ್ತಾಳ್ರಿ ಮೇಡಂ. ಎಬ್ಬಸಾವರು ಯಾರು?" ಎಂದಳು ಒಬ್ಬ ಹಿರಿಯಳು. ಸಣ್ಣಾಟ ದೊಡ್ಡಾಟ ನೋಡಿ ಬೆಳೆದವರು ಇವರು. ದೇವರ ಪಾತ್ರ ಎಂದರೆ ಸುಮ್ಮನೆ ಹಾಕಿ ತೆಗೆಯುವ ಅಂಗಿಯಲ್ಲ ಎಂಬುದು ಅವರ ಮನಸ್ಸಿನಲ್ಲಿ ಬೇರೂರಿತ್ತು. ಕೊನೆಗೆ ಒಂದು ಮಣ್ಣಿನ ಕೊಡ ತಂದು, ಭಂಡಾರದ ಅರಿಶಿಣ ಹಚ್ಚಿ, ನಡುವೆ ಇಟ್ಟರು. ಅದೇ ರೇಣುಕೆ.

ಋಷಿಯ ಪಾತ್ರಕ್ಕೂ ಯಾರೂ ಒಪ್ಪಲಿಲ್ಲ. ದೇವಿಯನ್ನು ಕಡಿಯಲು ಹೇಳುವ ಬಾಯಿ ಯಾರದು ಆಗಬೇಕು. ಎಲ್ಲರೂ ಗುಸುಗುಸು ಮಾಡಿ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನೀವು ಜೈನರು ಅಕ್ಕಾರ. ಬಸದಿಗೆ ನಡಕೊಳ್ಳಾವರು. ನಮ್ಮ ಎಲ್ಲಮ್ಮನ ಸಿಟ್ಟು ನಿಮಗ ತಟ್ಟೂದಿಲ್ಲ."

ಈ ವಾದಕ್ಕೆ ಏನು ಹೇಳುವುದು. ವಸುಧಾ ಮುಖ ಆಚೆ ಮಾಡಿ ನಗುತ್ತಿದ್ದಳು. ಸರಕಾರಿ ನೌಕರಿಯವಳಾದ ನನಗೆ ಹೆಗಲ ಮೇಲೊಂದು ಶಾಲು ಹೊದಿಸಿ ಗೋಣಿಚೀಲಗಳ ಮೇಲೆ ಕೂರಿಸಿದರು. ಸಾಹೇಬರು ನೋಡಿದ್ದರೆ ಏನೆನ್ನುತ್ತಿದ್ದರೋ.

ಪರಶುರಾಮನ ಪಾತ್ರಕ್ಕೆ ವಸುಧಾ ಗಂಗವ್ವನ ಮುಖ ನೋಡಿದಳು. ಗಂಗವ್ವ ತಲೆ ಅಲ್ಲಾಡಿಸಿದಳು.

"ನಾ ದೊಡ್ಡ ಮಗ ಆಗ್ತೇನ್ರಿ."

"ಅವನಿಗೆ ಮಾತೇ ಇಲ್ವಲ್ಲ ಗಂಗವ್ವ?"

"ಒಂದು ಮಾತೈತ್ರಿ. ಒಲ್ಲೆ ಅಂತಾನಲ್ಲ. ಸಣ್ಣ ಮಗನ ಕತಿ ಎಲ್ಲಾರೂ ಹೇಳ್ತಾರ, ಇವನ ಮಾತು ಯಾರೂ ಎತ್ತೂದಽ ಇಲ್ಲ. ನಮ್ಮ ಕಡೆ ಅವಗ ಹೆಸರೂ ಇಲ್ಲ."

ನನಗೆ ಕೂಡಲೇ ಅನುಮಾನ. ಬೇಗ ಮುಗಿಸಿ ಮೂಲೆ ಸೇರಬೇಕೆಂದು ಸಣ್ಣ ಪಾತ್ರ ಹಿಡಿದಿದ್ದಾಳೆ, ಇಷ್ಟು ದಿನದ ಕೆಲಸ ನೀರಲ್ಲಿ ಹೋಯಿತು ಎಂದುಕೊಂಡೆ. ಹೊಸ್ತಿಲ ಹೊರಗೆ ಸತ್ಯವ್ವ ಜಗಿಯುವುದು ನಿಲ್ಲಿಸಿದ್ದಳು.

ಆಟ ಶುರುವಾಯಿತು. ನನಗೆ ಬರುವುದು ಒಂದೇ ದನಿ, ಹಾಜರಿ ತಪ್ಪಿಸಿದ ಟೀಚರುಗಳ ಮೇಲೆ ಎತ್ತುವ ದನಿ. ಅದರಲ್ಲೇ, "ಮಗನಽ, ನಿನ್ನ ತಾಯಿ ತಲಿ ಕಡಿ" ಎಂದೆ. ಎಲ್ಲರೂ ಕಿಸಕ್ಕನೆ ನಕ್ಕರು. ಕೊಡದ ಬದಿಗೆ ಒಂದು ಸೌದೆ ತುಂಡು ಹಿಡಿದು ನಿಂತಿದ್ದ ಗಂಗವ್ವ ನಗಲಿಲ್ಲ.

"ಯಾಕ್ರಿ?" ಎಂದಳು.

ಕತೆಯಲ್ಲಿ ಈ ಪ್ರಶ್ನೆ ಇಲ್ಲ. ವಸುಧಾ ಮುಂದುವರಿಸಿ ಎಂದು ಕಣ್ಣಲ್ಲೇ ಹೇಳಿದಳು.

"ನಾ ಹೇಳೇನಿ, ಅದಕ್ಕ."

"ಅಕಿ ಏನ ತಪ್ಪ ಮಾಡ್ಯಾಳ್ರಿ?"

ತಪ್ಪು ಏನೆಂದು ನನಗೆ ತಟ್ಟನೆ ಹೊಳೆಯಲಿಲ್ಲ. ಹೊಳೆದದ್ದು ಊರೂರಿನಲ್ಲಿ ಕೇಳಿ ಕೇಳಿ ಕಿವಿ ತೂತು ಬಿದ್ದ ಮಾತು. ಅದೇ ಬಾಯಿಗೆ ಬಂತು.

"ತಪ್ಪಿಂದೇನ ಕೇಳ್ತಿ? ಹಿರ್ಯಾರು ಹೇಳಿದ ಮ್ಯಾಲೆ ಮುಗೀತು. ಹಿಂದಿಂದ ನಡದು ಬಂದದ್ದು ನಡೀಬೇಕು."

ಗಂಗವ್ವ ನನ್ನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ನನ್ನ ಹೆಗಲ ಮೇಲಿಂದ ಬಾಗಿಲಿಗೆ ಹೋಗಿ ನಿಂತಿತ್ತು. ಸೌದೆಯನ್ನು ಕೊಡದ ಮಗ್ಗಲು ಮೆತ್ತಗೆ ಕೆಳಗಿಟ್ಟಳು.

"ಒಲ್ಲೆ ಎವ್ವಾ," ಎಂದಳು.

ನಾನು ಶಾಲು ಹೊದ್ದ ಋಷಿ. ನನಗೆ ಎವ್ವಾ ಎನ್ನುವ ಕಾರಣ ಇರಲಿಲ್ಲ. ತಿರುಗಿ ನೋಡಿದೆ. ಸತ್ಯವ್ವ ಕೋಲು ಊರಿ ಎದ್ದು ನಿಂತಿದ್ದಳು. ಆ ಚಳಿಗಾಲದಲ್ಲಿ ಮೊದಲ ಸಲ ಆಕೆಯ ಒಂದು ಕಾಲು ಹೊಸ್ತಿಲ ಒಳಗಿತ್ತು.

"ನೀ ಹೇಳಿದ್ದೆಲ್ಲಾ ಕೇಳೇನಿ," ಎಂದಳು ಗಂಗವ್ವ. ದನಿ ಏರಲಿಲ್ಲ. "ನನ್ನ ಕೊರಳಿಗೆ ಕಟ್ಟಿಸಿದಿ, ಕಟ್ಟಿಸಿಕೊಂಡೆ. ಈಗ ಅಕಿನ್ನ ಕಡಿ ಅಂತ ನನ್ನ ಕೈಯಾಗ ಕೊಡ್ಲಿ ಕೊಡಾಕತ್ತಿ. ನಾ ಕಡಿಯೂದಿಲ್ಲ."

"ಶಾಪ ಹತ್ತತೈತಿ," ಎಂದಳು ಮುದುಕಿ.

"ಹತ್ತಲಿ. ದೊಡ್ಡ ಮಗಗೂ ಹತ್ತಿತ್ತು. ನನಗ ಹತ್ತಲಿ, ಕಸ್ತೂರಿಗೆ ಬ್ಯಾಡ."

ಆಗಲೇ ನನಗೆ ತಿಳಿದದ್ದು. ಈ ಹೆಂಗಸರನ್ನು ನೋಡಿದವರೆಲ್ಲ ಅವರೇ ರೇಣುಕೆ, ಅವರದೇ ತಲೆ ಹೋದದ್ದು ಎಂದು ಮರುಗುತ್ತಿದ್ದೆವು. ವಸುಧಾ ಕೂಡ ಹಾಗೇ ಎಣಿಸಿದ್ದಳು. ಗಂಗವ್ವನ ಎದೆ ಒತ್ತುತ್ತಿದ್ದದ್ದು ಬೇರೆ ಕಾರಣಕ್ಕೆ. ಆಕೆ ತನ್ನನ್ನು ಕೊಡಲಿ ಹಿಡಿದ ಮಗನ ಜಾಗದಲ್ಲಿ ಕಂಡುಕೊಂಡಿದ್ದಳು, ಕಡಿದರೆ ಹಿರಿಯರು ಮೆಚ್ಚುವ, ಕಡಿಯದಿದ್ದರೆ ಶಾಪ ತಿನ್ನುವ ಜಾಗದಲ್ಲಿ.

ಸತ್ಯವ್ವ ಕೈ ಎತ್ತಿದಳು. ಶಪಿಸುತ್ತಾಳೆ ಎಂದುಕೊಂಡೆವು. ಆ ಕೈ ಹಾಗೇ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು ಸೆರಗಿಗೆ ಇಳಿಯಿತು.

"ಶಾಪ ಕೊಡಾಕಿ ನಾನಲ್ಲ. ಅಕಿ," ಎಂದು ಕೊಡದ ಕಡೆ ಕೋಲು ತೋರಿಸಿ, ತಂಬಾಕು ಹೊರಗೆ ಉಗುಳಿ, ಮಗಳಿಗಾಗಿ ಕಾಯದೆ ನಡೆದುಬಿಟ್ಟಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಳು ತಂಬಿಗೆಯಲ್ಲಿ ನೀರು ತಂದಳು. ಹಿರಿಯಳು, "ಮೇಡಂ, ಪಾತ್ರ ಇಳಸ್ರಿ. ಹಂಗಽ ಮನಿಗೆ ಕಳಸಬ್ಯಾಡ್ರಿ" ಎಂದಳು. ವಸುಧಾಳ ಪದ್ಧತಿಯಲ್ಲೂ ಅಂಥದೊಂದು ಇತ್ತು. ಮುಖ ತೊಳೆದು, ನೆಲ ಮುಟ್ಟಿ, ಈಗ ನಾನು ಯಾರು ಎಂದು ಗಟ್ಟಿಯಾಗಿ ಹೇಳುವುದು. ಗಂಗವ್ವ ಮುಖ ತೊಳೆದುಕೊಂಡಳು. "ನಾ ಗಂಗವ್ವ, ಕಸ್ತೂರಿ ಅವ್ವ" ಎಂದಳು. ಆಮೇಲೆ ಬಹಳ ಹೊತ್ತು ಅತ್ತಳು. ನನಗೂ ಅಳು ಬಂತು, ಶಾಲು ಇತ್ತಲ್ಲ, ಅನುಕೂಲವಾಯಿತು.

ಇದು ಚಿಕಿತ್ಸೆಯೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಥಂಡಿಯ ಗೋದಾಮಿನಿಂದ ಎಲ್ಲರೂ ವಾಸಿಯಾಗಿ ಹೋದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಅರ್ಧಕ್ಕೇ ಬಿಟ್ಟರು, ಒಬ್ಬಳು ಮೊದಲಿಗಿಂತ ಜಾಸ್ತಿ ಹೆದರಿ ಗುಡ್ಡಕ್ಕೆ ಹೋಗಿ ಕಾಣಿಕೆ ಹಾಕಿ ಬಂದಳು. ಗಂಗವ್ವ ಮಾತ್ರ, ನಿದ್ದೆ ಹತ್ತಾಕತ್ತೈತ್ರಿ ಎಂದಳು. ಸಾಹೇಬರು ಏನು ನಡೆದಿದೆ ಎಂದು ಕೇಳಿದಾಗ, ಕತೆ ಹೇಳಿಕೊಂಡು ಕೂರುತ್ತಾರೆ ಎಂದಷ್ಟೇ ಹೇಳಿದೆ.

ನನ್ನ ಅನುಮಾನವೆಲ್ಲ ಈಗ ಒಂದೇ ಕಡೆ ಹರಿಯಿತು. ಮುದುಕಿ ಗೋದಾಮಿಗೆ ಬರುವುದು ನಿಂತಿತ್ತು. ಮನೆಯಲ್ಲಿ ಮಗಳ ಜೊತೆ ಮಾತಿಲ್ಲವಂತೆ. ಮಾತಿಲ್ಲದ ಮುದುಕರು ಏನೋ ಹಂಚಿಕೆ ಹಾಕುತ್ತಿರುತ್ತಾರೆ. ಹುಣ್ಣಿಮೆ ಹತ್ತಿರ ಬಂದಾಗ ಮೂಡಲಗಿ ಪೇಟೆಯಲ್ಲಿ ಆಕೆ ಹಸಿರು ಸೀರೆ ಕೊಂಡಳೆಂಬ ಸುದ್ದಿ ಬಂತು. ಬಳೆಗಾರನ ಹತ್ತಿರ ಹಸಿರು ಬಳೆಯನ್ನೂ ತೆಗೆದುಕೊಂಡಿದ್ದಳು. ಸಣ್ಣ ಕೈಯ ಅಳತೆಯ ಬಳೆಗಳು. ಮುತ್ತು ಕಟ್ಟುವಾಗ ಹುಡುಗಿಗೆ ಉಡಿಸುವುದು ಹಸಿರು ಸೀರೆ, ಇಡಿಸುವುದು ಹಸಿರು ಬಳೆ. ನಾನು ವಸುಧಾಳ ಮುಂದೆ ಕೂಗಾಡಿದೆ. ನಿಮ್ಮ ನಾಟಕ ಮುಗಿಯಿತು, ಇನ್ನು ನನ್ನದು ಎಂದೆ.

ಗಂಗವ್ವನನ್ನು ಕೇಳಿದರೆ, "ಸೀರಿ ಕಂಡೇನ್ರಿ. ಕೇಳೂದಿಲ್ಲ. ಹುಣ್ಣಿವಿ ದಿನ ಕಸ್ತೂರಿನ್ನ ನನ್ನ ಕಣ್ಣ ಮುಂದಿಂದ ಬಿಡೂದಿಲ್ಲ, ಅಷ್ಟಽ" ಎಂದಳು.

ಹುಣ್ಣಿಮೆಯ ದಿನ ಬೆಳಕು ಹರಿಯುತ್ತಲೇ ನಾನು ಮಸಗುಪ್ಪಿಯಲ್ಲಿದ್ದೆ. ಊರ ತುಂಬ ಅರಿಶಿಣದ ಕೊಪ್ಪರಿಗೆಗಳು ಉರಿಯುತ್ತಿದ್ದವು, ಆ ಘಾಟಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಗಂಗವ್ವನ ಮನೆಗೆ ಕೀಲಿ. ಬಾಜೂ ಮನೆಯವಳು ಅಂಗಳಕ್ಕೆ ನೀರು ಹಾಕುತ್ತಿದ್ದಳು.

"ಗಂಗವ್ವ ಅರಿಷಿಣ ಕುದಸಾಕ ಹೋಗ್ಯಾಳ್ರಿ. ಮುದಿಕಿ ಗಂಟು ಹಿಡಕೊಂಡು ಮೊದಲ ಬಸ್ಸಿಗೆ ಗೋಕಾವಿಗೆ ಹೋದಳು. ಗುಡ್ಡಕ್ಕ ಹೊಂಟೇನಿ ಅಂದಳ್ರಿ."

"ಹುಡುಗಿ?"

"ಕತ್ತಲಿತ್ರಿ. ನಾ ಕಾಣಲಿಲ್ಲ."

ಹೊಲ ಹುಡುಕಿ ಗಂಗವ್ವನನ್ನು ಕೇಳುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಕಬ್ಬಿಣದ ಸಾಮಾನು ತುಂಬಿಕೊಂಡು ಗೋಕಾಕಕ್ಕೆ ಹೊರಟಿದ್ದ ಒಂದು ಟೆಂಪೋ ನಿಲ್ಲಿಸಿ ಮುಂದೆ ಹತ್ತಿ ಕೂತೆ. ಹಾದಿಯುದ್ದಕ್ಕೂ ಠಾಣೆಗೆ ಹೋಗಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಮುದುಕಿಯ ಹೆಸರು, ಊರು, ಸೀರೆಯ ಬಣ್ಣ. ಮೊದಲು ಬಸ್‌ಸ್ಟ್ಯಾಂಡ್ ನೋಡಿಬಿಡೋಣ ಎಂದು ಅಲ್ಲೇ ಇಳಿದೆ. ಗುಡ್ಡಕ್ಕೆ ಹೋಗುವ ಬಸ್ಸು ತುಂಬಿ ನಿಂತಿತ್ತು. ಕೊಡ, ಪರಡಿ ಬುಟ್ಟಿ, ಭಂಡಾರದ ಚೀಲ, ಬೇವಿನ ಟೊಂಗೆ ಹಿಡಿದ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದೆ. ಸತ್ಯವ್ವ ಕಿಟಕಿಯ ಬದಿ ಕೂತಿದ್ದಳು. ತೊಡೆಯ ಮೇಲೆ ಗಂಟು.

"ಕಸ್ತೂರಿ ಎಲ್ಲಿ?" ಎಂದೆ. ನಮಸ್ಕಾರವೂ ಇಲ್ಲ, ಆಯಿ ಎನ್ನುವ ಮಾತೂ ಇಲ್ಲ.

"ಅವ್ವನ ಕೂಡ ಹೊಲದಾಗ ಅದಾಳ. ಆಮ್ಯಾಲೆ ಸಾಲಿಗೆ ಹೊಕ್ಕಾಳ."

ನಾನು ನಂಬಲಿಲ್ಲ. ಹಿಂದಿನ ಸೀಟುಗಳ ತನಕ ಹೋಗಿ ಪ್ರತಿ ಹುಡುಗಿಯ ಮುಖ ನೋಡಿ ಬಂದೆ.

"ಸೀಟಿನ ಬುಡಕೂ ನೋಡ್ರಿ," ಎಂದಳು ಮುದುಕಿ. ಆಮೇಲೆ ತಾನೇ ಗಂಟು ಬಿಚ್ಚಿದಳು. ಹಸಿರು ಸೀರೆ, ಹಸಿರು ಬಳೆ, ಒಂದು ಕಾಯಿ, ಭಂಡಾರದ ಪುಡಿಕೆ. ಸೀರೆಯ ಮಡಿಕೆ ಇನ್ನೂ ಅಂಗಡಿಯದೇ, ಯಾರೂ ಉಟ್ಟದ್ದಲ್ಲ.

"ಇದು ಯಾರಿಗೆ?"

"ಅಕಿಗೆ. ಹುಡುಗಿ ಬದಲಿ. ತಗೊಂಡ್ರ ತಗೊಳ್ಳಲಿ, ಒಗದ್ರ ಒಗೀಲಿ."

"ಮತ್ತ ಮನ್ಯಾಗ ಯಾಕ ಹೇಳಲಿಲ್ಲ? ಗಂಗವ್ವ ಎಷ್ಟು ಹೆದರಿಕೊಂಡಾಳ ಗೊತ್ತೈತೇನ್ರಿ?"

"ಮದಲ ಮಗಳಿಗೆ ಹೇಳಿ, ಆಮ್ಯಾಲೆ ಅಕಿಗೆ ಹೇಳಲೇನು? ಬೇಡಿಕೊಂಡಾಕಿ ನಾನು. ಹುಡುಗಿ ಬರತಾಳ ಅಂತ ದೇವಿ ಇವತ್ತ ಹಾದಿ ನೋಡ್ಕೊಂತ ಕುಂತಿರ್ತಾಳ. ಬರೂದಿಲ್ಲ ಅಂತ ಹೋಗಿ ಹೇಳಬೇಕಲ್ರಿ. ಹೇಳದಽ ಮನ್ಯಾಗ ಕುಂತ್ರ ಹ್ಯಾಂಗ?"

ಡ್ರೈವರ್ ಹತ್ತಿದ. ಬಸ್ಸು ನಡುಗತೊಡಗಿತು. ಮುಂದಿನ ಸೀಟಿನವರು ದೇವಿಯ ಹೆಸರಿಗೆ ಉಧೋ ಎಂದು ಕೂಗಿದರು. ಸತ್ಯವ್ವ ಮಾತ್ರ ಕೂಗಲಿಲ್ಲ. ಗಂಟನ್ನು ಮತ್ತೆ ಕಟ್ಟತೊಡಗಿದಳು. ನಾನು ಬಗ್ಗಿ ಗಂಟಿನ ಒಂದು ತುದಿ ಹಿಡಿದುಕೊಂಡೆ.

"ಆಯಿ, ಅಕಿ ಸಿಟ್ಟಿಗೆದ್ರ?" ಎಂದೆ.

ಮುದುಕಿ ಗಂಟು ಬಿಗಿದು, ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು.

"ಏಳಲಿ. ಅದಕ್ಕಽ ಒಬ್ಬಾಕೀನಽ ಹೊಂಟೇನಿ."